ಬಿಸಿಲ ನೆಂಟರು

ನಮ್ಮೂರ ಬಿಸಿಲನ್ನು ನಂಬಿ ಹಪ್ಪಳ ಹರವಿದವರು ಯಾರೂ ಆಗಿನ ಕಾಲದಲ್ಲಿ ಕೆಳಗಿಳಿದು ಮಲಗಿದ್ದಿಲ್ಲ. ಈಗ ಮಲಗುತ್ತಾರೆ. ಸೇತುವೆಯ ಗಂಟೆ ಬಡಿದರೆ ಬಿಸಿಲು ಹೊಳೆ ದಾಟುತ್ತದೆ, ಬಡಿಯುವ ತನಕ ದಾಟುವುದಿಲ್ಲ ಎಂದು ಈಗಿನ ಹುಡುಗಿಯರಿಗೆ ಗೊತ್ತು. ಹಪ್ಪಳ ಹರವಿ, ಕಾಗೆ ಬರದ ಹಾಗೆ ಒಂದು ಕರಿ ಬಟ್ಟೆ ಕಟ್ಟಿ, ಒಳಗೆ ಹೋಗಿ ನಿದ್ದೆ ಹೊಡೆಯುತ್ತಾರೆ. ಅವರನ್ನು ಬಯ್ಯುವ ಹಕ್ಕು ನನಗಿಲ್ಲ, ಯಾಕೆಂದರೆ ಆ ನಿದ್ದೆಯನ್ನು ತಂದುಕೊಟ್ಟವಳು ನಾನೇ. ಆದರೂ ಬಯ್ಯುತ್ತೇನೆ. ಅರವತ್ತೆಂಟು ವರ್ಷವಾದ ಮೇಲೆ ಅಷ್ಟೂ ಮಾಡದಿದ್ದರೆ ಹೊತ್ತು ಹೋಗುವುದು ಹೇಗೆ.

ಊರಿನ ನಡುವೆ ಹೊಳೆ. ಈಚೆ ದಡದಲ್ಲಿ ಮೂಡುಕೇರಿ, ಆಚೆ ದಡದಲ್ಲಿ ಪಡುಕೇರಿ, ಎರಡಕ್ಕೂ ಸೇರಿ ಒಂದು ಕಲ್ಲಿನ ಸೇತುವೆ. ಸೇತುವೆಯ ಪಕ್ಕದಲ್ಲಿ ಅಜ್ಜಿ. ಅಜ್ಜಿ ಅಂದರೆ ಚಕ್ರ. ಎರಡಾಳೆತ್ತರದ ಮರದ ಚಕ್ರ, ಅದರ ಅಂಚಿಗೆ ತೂಗುಹಾಕಿದ ಹನ್ನೆರಡು ತಾಮ್ರದ ಕೊಡಗಳು, ಒಂದೊಂದು ಕೊಡದ ತಳಕ್ಕೂ ಒಂದೊಂದು ತೂತು. ಮೇಲಿನ ಕಾಲುವೆಯಿಂದ ನೀರು ತುದಿಯ ಕೊಡಕ್ಕೆ ಬೀಳುತ್ತದೆ, ತುಂಬಿದ ಕೊಡದ ಭಾರಕ್ಕೆ ಚಕ್ರ ತಿರುಗುತ್ತದೆ, ತಿರುಗುತ್ತ ತಿರುಗುತ್ತ ಕೊಡಗಳು ಸೋರಿ ಹಗುರಾಗುತ್ತವೆ. ಬಲಕ್ಕೆ ತಿರುಗುತ್ತಿದ್ದವಳು ಇದ್ದಕ್ಕಿದ್ದ ಹಾಗೆ ತಡವರಿಸಿ, ಒಂದು ಗಳಿಗೆ ನಿಂತು, ಎಡಕ್ಕೆ ಹೊರಳುತ್ತಾಳೆ. ಅವಳು ಬಲಕ್ಕೆ ತಿರುಗುವಷ್ಟು ಹೊತ್ತು ಬಿಸಿಲು ಮೂಡುಕೇರಿಯದು, ಎಡಕ್ಕೆ ತಿರುಗುವಷ್ಟು ಹೊತ್ತು ಪಡುಕೇರಿಯದು. ಬಿಸಿಲಿಲ್ಲದ ಕೇರಿಯಲ್ಲಿ ಮಬ್ಬು. ಕತ್ತಲೆಯೇನಲ್ಲ, ಕೂತು ಅಕ್ಕಿಯಲ್ಲಿ ಕಲ್ಲು ಆರಿಸಬಹುದು, ಆದರೆ ಬಟ್ಟೆ ಒಣಗುವುದಿಲ್ಲ. ಯಾವಾಗ ಹೊರಳುತ್ತಾಳೆ ಎಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ತಿರುಗುವಳು, ಮಾರನೆಯ ದಿನ ಎಲೆಯಡಿಕೆ ಅಗಿದು ಉಗಿಯುವುದರೊಳಗೆ ಎರಡು ಸಲ ಹೊರಳಿಬಿಡುವಳು. ಅಜ್ಜಿ ಮಗ್ಗುಲು ಬದಲಿಸಿದಳು ಅನ್ನುತ್ತಿದ್ದರು ಊರವರು.

ಹೀಗೆ ಮನಸ್ಸು ಬಂದ ಕಡೆ ಓಡಾಡುವ ಬಿಸಿಲಿನ ಜೊತೆ ಬಾಳುವೆ ಮಾಡಬೇಕಲ್ಲ, ಅದಕ್ಕೆ ಹಿಂದಿನವರು ಮಾಡಿಕೊಂಡ ಏರ್ಪಾಡು ಬಿಸಿಲ ನೆಂಟಸ್ತನ. ಮೂಡುಕೇರಿಯ ಪ್ರತಿ ಮನೆಗೂ ಪಡುಕೇರಿಯಲ್ಲಿ ಒಂದು ಮನೆ ಗೊತ್ತಾಗಿರುತ್ತಿತ್ತು. ಬಿಸಿಲು ಆಚೆ ಹೋಯಿತೋ, ನಮ್ಮ ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಎಣ್ಣೆ ಹಚ್ಚಿದ ಕೂಸು, ಎಲ್ಲ ಅವರ ಮಾಳಿಗೆಗೆ. ಈಚೆ ಬಂತೋ, ಅವರದೆಲ್ಲ ನಮ್ಮ ಮಾಳಿಗೆಗೆ. ಕೇಳುವಂತಿಲ್ಲ, ಬಾಗಿಲು ತಟ್ಟುವಂತಿಲ್ಲ, ನೇರ ಮೆಟ್ಟಿಲು ಹತ್ತುವುದು. ಜಗಳವಾಡಿ ಮಾತು ಬಿಟ್ಟವರೂ ಬಿಸಿಲು ತಿರುಗಿದರೆ ಹತ್ತಲೇಬೇಕು. ಇದಕ್ಕೆ ಒಂದೇ ಒಂದು ಕಟ್ಟುಪಾಡು ಇತ್ತು. ಬಿಸಿಲ ನೆಂಟರಲ್ಲಿ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಬೀಗರಾದ ಮೇಲೆ ಮುನಿಸು ಬಾರದೆ ಇರುತ್ತದೆಯೇ, ಮುನಿಸಿಕೊಂಡ ಬೀಗರ ಮಾಳಿಗೆಗೆ ದಿನಕ್ಕೆ ಏಳು ಸಲ ಓಡುವುದು ಸಾಧ್ಯವೇ, ಅದಕ್ಕೆ ಹಾಗೆ.

ನಮ್ಮದು ಹಪ್ಪಳದ ಮನೆ. ನನ್ನ ತಾಯಿ ಸಾತಮ್ಮನ ಉದ್ದಿನ ಹಪ್ಪಳ ಅಂದರೆ ಎರಡು ಕೇರಿಯಲ್ಲೂ ಹೆಸರು. ತಂದೆ ಶ್ರೀಕಂಠಯ್ಯ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದವರು. ಇರುಸಿಗೆ ಹರಳೆಣ್ಣೆ ಬಿಡುವುದು, ಕೊಡದ ತೂತಿಗೆ ಸಿಕ್ಕ ಎಲೆ ಕಸ ಬಿಡಿಸುವುದು, ಇಷ್ಟೇ. ನಮ್ಮ ಬಿಸಿಲ ನೆಂಟರು ಪಡುಕೇರಿಯ ಬಣ್ಣದ ಮನೆಯವರು, ಬಟ್ಟೆಗೆ ಬಣ್ಣ ಹಾಕುವವರು. ಪುಟ್ಟತಾಯಮ್ಮ, ಅವರ ಒಬ್ಬನೇ ಮಗ ರಂಗಧಾಮ. ಅವನಿಗೂ ನನಗೂ ಒಂದೇ ವಯಸ್ಸು, ಎರಡು ತಿಂಗಳು ನಾನೇ ದೊಡ್ಡವಳು. ಅದನ್ನು ನಾನು ಅವನಿಗೆ ಮರೆಯಲು ಬಿಟ್ಟಿದ್ದಿಲ್ಲ.

ಅಮ್ಮನಿಗೆ ಮಂಡಿ ನೋವು, ಅಪ್ಪ ಚಕ್ರದ ಹತ್ತಿರ. ಹಾಗಾಗಿ ಬಿಸಿಲು ಆಚೆ ಹೋದಾಗ ನಮ್ಮ ಹಪ್ಪಳದ ಮಂಚ ಎತ್ತಲು ರಂಗನೇ ಓಡಿ ಬರುವನು. ಹಗ್ಗದ ಮಂಚದ ಮೇಲೆ ಹಳೆ ಸೀರೆ, ಸೀರೆಯ ಮೇಲೆ ಹಪ್ಪಳ. ಅವನು ಮುಂದೆ, ನಾನು ಹಿಂದೆ. ಹೆಜ್ಜೆ ಹೊಂದದಿದ್ದರೆ ಹಪ್ಪಳ ಒಂದು ಕಡೆಗೆ ಜಾರಿ ಹೊಳೆಯ ಪಾಲು. ಮೊದಮೊದಲು ಎಷ್ಟು ಹಪ್ಪಳ ಮೀನಿಗೆ ಹಾಕಿದೆವೋ ಲೆಕ್ಕವಿಲ್ಲ. ಹದಿನಾಲ್ಕು ಹದಿನೈದರ ಹೊತ್ತಿಗೆ ಹೆಜ್ಜೆ ತಾನಾಗಿ ಹೊಂದಿಕೊಂಡಿತು. ಯಾರೂ ಒಂದು ಎರಡು ಎನ್ನಬೇಕಾಗಿರಲಿಲ್ಲ. ಬಿಸಿಲು ಈಚೆ ಬಂದರೆ ಅವನ ಒದ್ದೆ ಬಟ್ಟೆ ಜೋತುಹಾಕಿದ ಬಿದಿರ ಗಳುವಿಗೆ ನಾನು ಹೆಗಲು ಕೊಡುವೆ. ಬಿಸಿಲು ಎಲ್ಲಿದೆಯೋ ಅಲ್ಲಿ ನಾವಿಬ್ಬರೂ ಇರುತ್ತಿದ್ದೆವು. ಕೇರಿ ಯಾವುದಾದರೇನು.

“ಏನ್ ಕಾಮು, ನಿಮ್ಮಮ್ಮ ಇವತ್ತು ಕಲ್ಲಿನ ಹಪ್ಪಳ ಮಾಡಿದಾರಾ? ಹೆಗಲು ಬಿದ್ದುಹೋಯ್ತು” ಅನ್ನುವನು ಅವನು.

“ಹಪ್ಪಳ ಹಗುರಾಗೇ ಇದೆ. ಹೊರೋನು ಬೆಳಿಗ್ಗೆ ಆರು ಮುದ್ದೆ ನುಂಗಿ ಬಂದಿದಾನೆ” ಅನ್ನುವೆ ನಾನು. ಹಿಂದೆ ಬರುತ್ತಿದ್ದ ಪುಟ್ಟತಾಯಮ್ಮ, “ನನ್ನ ಮಗನ ಮುದ್ದೆ ಎಣಿಸಬೇಡ ಕಣೇ, ಕಣ್ಣಾಗತ್ತೆ” ಎಂದು ನಗುವರು. ಸೇತುವೆಯ ತುಂಬ ಜನ, ಮಂಚ, ಮೊರ, ಗಳು, ಅಳುವ ಮಕ್ಕಳು. ಆ ಗಲಾಟೆಯಲ್ಲಿ ಇದ್ದಷ್ಟು ಸುಖವಾಗಿ ನಾನು ಬೇರೆ ಎಲ್ಲೂ ಇರಲಿಲ್ಲ.

ಇಪ್ಪತ್ತು ತುಂಬಿದ ವರ್ಷ ಅಮ್ಮ ನನ್ನ ಮುಖ ನೋಡಿಯೇ ಕಂಡುಹಿಡಿದಳು. ಹಪ್ಪಳದ ಹಿಟ್ಟು ಕುಟ್ಟುತ್ತ, ತಲೆಯೆತ್ತದೆ ಹೇಳಿದಳು.

“ಕಾಮು, ಆ ಮನೆ ಕಡೆ ಆಸೆ ಇಟ್ಕೋಬೇಡ. ಹುಡುಗ ಚಿನ್ನದಂಥೋನು, ನಂಗೂ ಗೊತ್ತು. ಆದರೆ ಬಿಸಿಲ ನೆಂಟ್ರು ಬಿಸಿಲ ನೆಂಟ್ರೇ. ಅಜ್ಜಿ ಹೀಗೆ ಮಗ್ಗುಲು ಬದಲಿಸ್ತಾ ಇರೋ ತನಕ ಆ ನೆಂಟಸ್ತನ ಇರತ್ತೆ. ಅದಿರೋ ತನಕ ಮದುವೆ ಇಲ್ಲ.”

ನಾನು ಆ ಮಾತನ್ನು ತಿರುಗಿಸಿ ಹಿಡಿದೆ. ಅಜ್ಜಿ ಮನಸ್ಸು ಬಂದ ಹಾಗೆ ಹೊರಳದಿದ್ದರೆ? ಬಿಸಿಲಿಗೆ ಒಂದು ಹೊತ್ತು ಗೊತ್ತು ಅಂತ ಆಗಿಬಿಟ್ಟರೆ ಯಾರೂ ಯಾರ ಮಾಳಿಗೆಗೂ ಓಡಬೇಕಾಗಿಲ್ಲ. ಓಟವಿಲ್ಲದಿದ್ದರೆ ನೆಂಟಸ್ತನವಿಲ್ಲ. ನೆಂಟಸ್ತನವಿಲ್ಲದಿದ್ದರೆ ಕಟ್ಟುಪಾಡೂ ಇಲ್ಲ, ನಾನು ರಂಗನನ್ನು ಮದುವೆಯಾಗಬಹುದು. ಇಷ್ಟು ಸರಳವಾಗಿ ಕಂಡಿತು. ರಂಗನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಬಿಸಿಲ ನೆಂಟರ ಹುಡುಗನ ಹತ್ತಿರ ಮದುವೆಯ ಮಾತೆತ್ತಿದರೆ ಅವತ್ತಿಗೇ ಮಾಳಿಗೆ ಹತ್ತುವುದು ನಿಂತುಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಎಲ್ಲ ಮುಗಿಸಿ ಅವನ ಮುಂದೆ ನಿಂತು, ನೋಡು ಏನು ಮಾಡಿದ್ದೇನೆ ಅನ್ನಬೇಕೆಂಬ ಜಂಬ ಇನ್ನೊಂದು ಕಡೆ.

ಹಿತ್ತಲ ಬಾವಿಯ ಪಕ್ಕ ಒಂದು ಪುಟ್ಟ ಚಕ್ರ ಮಾಡಿದೆ. ಮೊಣಕೈ ಎತ್ತರ, ಹನ್ನೆರಡು ಹಿತ್ತಾಳೆ ಬಟ್ಟಲು, ದಬ್ಬಳದಲ್ಲಿ ಹೊಡೆದ ತೂತು. ದೊಡ್ಡವಳನ್ನು ಮುಟ್ಟಿ ಪರೀಕ್ಷೆ ಮಾಡುವ ಧೈರ್ಯ ಯಾರಿಗಿದೆ, ಚಿಕ್ಕವಳ ಮೇಲೆ ಮಾಡೋಣ ಎಂದುಕೊಂಡೆ. ಚಿಕ್ಕವಳೂ ಸರಿಯಾಗಿ ಅಜ್ಜಿಯ ಹಾಗೇ ತಿರುಗಿದಳು, ತಡವರಿಸಿದಳು, ಹೊರಳಿದಳು. ಆದರೆ ಅಜ್ಜಿಯ ಜೊತೆಗಲ್ಲ. ಅಜ್ಜಿ ಹೊರಳುವ ಗಳಿಗೆಗೆ ಸರಿಯಾಗಿ, ಅವಳ ಕೊಡಗಳಲ್ಲಿದ್ದ ಹಾಗೇ ನೀರು ತುಂಬಿಸಿ ಚಿಕ್ಕವಳನ್ನೂ ಬಿಟ್ಟೆ. ಹತ್ತು ಸುತ್ತು ಅಕ್ಕತಂಗಿಯರ ಹಾಗೆ ಹೋದರು. ಹದಿನೈದಕ್ಕೆ ಚಿಕ್ಕವಳು ಒಂದು ಚೂರು ಹಿಂದೆ. ಇಪ್ಪತ್ತಕ್ಕೆ ಅವಳ ದಾರಿ ಅವಳಿಗೆ, ಇವಳ ದಾರಿ ಇವಳಿಗೆ. ನೂರು ಸಲ ಮಾಡಿದೆ. ಎಲ್ಲೋ ಒಂದು ಹನಿ ಹೆಚ್ಚುಕಮ್ಮಿಯಾದರೆ ಸಾಕು, ಆ ಒಂದು ಹನಿ ಬೆಳೆದು ಬೆಳೆದು ಬಿಸಿಲನ್ನೇ ಬೇರೆ ಕೇರಿಗೆ ಹಾಕುತ್ತಿತ್ತು.

ಅಪ್ಪ ಒಂದು ದಿನ ಬಂದು ನೋಡಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ನಾನು ಯಾಕೆ ಮಾಡುತ್ತಿದ್ದೇನೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

“ಒಂದೇ ಸಲ ಹೊರಡಿಸಿದ್ರೆ ಏನಾಯ್ತು ಮಗಳೇ, ಆಮೇಲೆ ಮಾತುಕತೆನೇ ಇಲ್ವಲ್ಲ” ಎಂದರು. “ಅವಳು ಏನ್ ಮಾಡ್ತಿದಾಳೆ ಅಂತ ಇವಳಿಗೆ ಹೇಗೆ ಗೊತ್ತಾಗಬೇಕು? ಒಂದು ಎಳೆ ನೀರು ಅಲ್ಲಿಂದ ಇಲ್ಲಿಗೆ ತಾ.”

ಚಕ್ರದಿಂದ ನಮ್ಮ ಹಿತ್ತಲು ಐವತ್ತು ಮಾರು. ಸೀಳಿದ ಬಿದಿರನ್ನು ಕಾಲುವೆಯ ಹಾಗೆ ಸಾಲಾಗಿ ಜೋಡಿಸಿ, ಅಜ್ಜಿಯ ಒಂದು ಕೊಡ ಸೋರಿದ ನೀರನ್ನು ಚಿಕ್ಕವಳ ಒಂದು ಬಟ್ಟಲಿಗೆ ಬೀಳುವ ಹಾಗೆ ತಂದೆ. ಆ ದಿನ ಪೂರ್ತಿ ಚಿಕ್ಕವಳು ತಬ್ಬಿಬ್ಬಾಗಿ ಎತ್ತೆತ್ತಲೋ ಓಲಾಡಿದಳು. ಮಾರನೆಯ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಅಜ್ಜಿ ಬಲಕ್ಕೆ ಅಂದರೆ ಇವಳೂ ಬಲಕ್ಕೆ, ಅಜ್ಜಿ ತಡವರಿಸಿದರೆ ಇವಳೂ ತಡವರಿಸುತ್ತಾಳೆ. ಒಂದು ಎಳೆ ನೀರು, ಅಷ್ಟೇ. ನಾನು ಬಾವಿಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಮದುವೆಯೇ ಆಗಿಹೋಯಿತು ಅನ್ನುವಷ್ಟು ಸಂತೋಷವಾಗಿತ್ತು.

ಆಮೇಲೆ ಒಂದು ವರ್ಷ ಚಿಕ್ಕವಳಲ್ಲಿ ಅಜ್ಜಿಯ ತಡವರಿಕೆ ನೋಡಿದೆ. ಅಪ್ಪ ಚಿಕ್ಕವರಿದ್ದಾಗ ಊರಿನ ಹನ್ನೆರಡು ಗಂಡಾಳುಗಳು ಅಜ್ಜಿಯನ್ನು ಹಗ್ಗ ಕಟ್ಟಿ ಒಂದೇ ಕಡೆ ಎಳೆದಿದ್ದರಂತೆ. ಒಂದು ಅಡ್ಡಮರ ಮುರಿಯಿತು, ಇಬ್ಬರ ಭುಜ ಜಾರಿತು, ಅಜ್ಜಿ ತನ್ನ ಪಾಡಿಗೆ ಹೊರಳಿದಳು. ಜೋರಾಗಿ ತಿರುಗುತ್ತಿರುವಾಗ ಯಾರ ಮಾತೂ ನಡೆಯುವುದಿಲ್ಲ. ಆದರೆ ಹೊರಳುವ ಮೊದಲು ಒಂದು ಗಳಿಗೆ, ಯಾವ ಕಡೆ ಹೋಗಲಿ ಎಂದು ಅವಳಿಗೇ ಗೊತ್ತಿಲ್ಲದ ಒಂದು ಗಳಿಗೆ ಇರುತ್ತದೆ. ಆಗ ಸರಿಯಾದ ಬಟ್ಟಲಿಗೆ ಒಂದು ಚಮಚ ನೀರು ಹಾಕಿದರೆ ಚಿಕ್ಕವಳು ಹೊರಳದೆ ಮುಂದುವರಿಯುತ್ತಿದ್ದಳು. ಯಾವ ಗಳಿಗೆ, ಯಾವ ಬಟ್ಟಲು ಎಂದು ಕೈಗೆ ಬರುವವರೆಗೆ ಅವಳ ಮೇಲೆ ಕಲಿತೆ. ಒಂದು ಬೆಳಿಗ್ಗೆ ಏಣಿ ಹತ್ತಿ, ಅಜ್ಜಿ ತಡವರಿಸಿದಾಗ, ಒಂದು ಚೊಂಬು ನೀರು ಬಿಟ್ಟೆ. ಅವಳು ಎಡಕ್ಕೆ ಹೊರಳುವವಳು ಹೊರಳಲಿಲ್ಲ. ತಡವರಿಕೆ ಕಂಡು ಸೇತುವೆಯ ಮೇಲೆ ಮಂಚ ಹೊತ್ತು ನಿಂತಿದ್ದ ಜನ ಮುಖ ಮುಖ ನೋಡಿಕೊಂಡು ವಾಪಸು ಹೋದರು.

ಊರಿನ ಹಿರಿಯರು ಒಂದು ತಿಂಗಳು ನೋಡಿ ಒಪ್ಪಿದರು. ಬೆಳಗಿನಿಂದ ಊಟದ ಹೊತ್ತಿನವರೆಗೆ ಬಿಸಿಲು ಮೂಡುಕೇರಿಗೆ, ಊಟದ ಹೊತ್ತಿನಿಂದ ದೀಪ ಹಚ್ಚುವವರೆಗೆ ಪಡುಕೇರಿಗೆ. ಸೇತುವೆಗೆ ಗಂಟೆ ಕಟ್ಟಿದರು. ಬೆಳಗಿನ ಚೊಂಬಿನ ಕೆಲಸ ನನಗೆ, ಮಧ್ಯಾಹ್ನದ್ದು ಅಪ್ಪನಿಗೆ. ಒಳ್ಳೆಯದೇ ಆಯಿತು, ಇಲ್ಲ ಅನ್ನುವುದಿಲ್ಲ. ಬಾಣಂತಿಯರು ನೆಮ್ಮದಿಯಾಗಿ ನೀರು ಹಾಕಿಸಿಕೊಂಡರು, ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋದವು, ಮಂಡಿ ನೋವಿನ ಅಮ್ಮ ಎರಡು ಹೊತ್ತು ನನ್ನ ದೃಷ್ಟಿ ತೆಗೆದಳು.

ಬಿಸಿಲ ನೆಂಟರು ಅವರವರ ಸಾಮಾನು ಅವರವರ ಮನೆಗೆ ತಂದುಕೊಂಡರು. ರಂಗ ಅವರ ಮಾಳಿಗೆಯಲ್ಲೇ ಇರುತ್ತಿದ್ದ ನಮ್ಮ ಇನ್ನೊಂದು ಮಂಚವನ್ನು ಒಬ್ಬನೇ ತಲೆಯ ಮೇಲೆ ಹೊತ್ತು ತಂದಿಳಿಸಿದ. ನಮ್ಮಲ್ಲಿದ್ದ ಅವನ ಗಳುಗಳನ್ನು ಕಟ್ಟಿಕೊಂಡ. ಪುಟ್ಟತಾಯಮ್ಮ ಅಮ್ಮನ ಕೈ ಹಿಡಿದು ಅತ್ತರು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಇನ್ನೇನು, ಎಂಟು ದಿನದಲ್ಲಿ ಇವರೇ ಹೆಣ್ಣು ಕೇಳಿಕೊಂಡು ಬರುತ್ತಾರೆ ಎಂದು ನನ್ನ ಎಣಿಕೆ. “ಸರಿ ಕಾಮು, ಬರ್ತೀನಿ” ಎಂದು ರಂಗ ಹೊರಟ. ಅವನು ಹಾಗೆ ಹೇಳಿ ಹೋದದ್ದು ಅದೇ ಮೊದಲು. ಮುಂಚೆ ಹೋಗುವುದನ್ನೂ ಬರುವುದನ್ನೂ ಯಾರು ಹೇಳುತ್ತಿದ್ದರು.

ಎಂಟು ದಿನವಾಯಿತು, ನಲವತ್ತು ದಿನವಾಯಿತು, ಯಾರೂ ಬರಲಿಲ್ಲ. ನಮ್ಮ ಬಿಸಿಲಿನಲ್ಲಿ ನಾನು ದುಡಿಯುವಾಗ ಅವನ ಕೇರಿಗೆ ಮಬ್ಬು, ಅವನು ಬಣ್ಣ ಕಲಸುತ್ತಿರುತ್ತಾನೆ. ಅವನ ಬಿಸಿಲು ಬಂದಾಗ ನಮ್ಮ ಕೇರಿ ಉಂಡು ಮಲಗುತ್ತದೆ. ಒಂದೇ ಊರಲ್ಲಿದ್ದು ನಾನು ಅವನ ದನಿ ಕೇಳದೆ ತಿಂಗಳಾಗಿತ್ತು. ಕೊನೆಗೆ ಒಂದು ಮಧ್ಯಾಹ್ನ ನಾಚಿಕೆ ಬಿಟ್ಟು ನಾನೇ ಹೋದೆ. ಮೆಟ್ಟಿಲು ಹತ್ತಿ ನಿಂತಾಗ ಅವನು ಗಾಬರಿಯಿಂದ ಕೈ ಒರೆಸಿಕೊಂಡು, ಒಂದು ಸ್ಟೂಲು ತಂದಿಟ್ಟು, ಕೆಳಗಿನಿಂದ ಮಜ್ಜಿಗೆ ತರಿಸಿದ. ಆ ಮಾಳಿಗೆಯ ಮೇಲೆ ನಾನು ಅಲ್ಲಿಯವರೆಗೆ ಕೂತೇ ಇರಲಿಲ್ಲ.

“ಏನ್ ಬಂದಿದ್ದು ಕಾಮು?” ಎಂದ.

ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯವರು ಯಾರೂ ನನ್ನನ್ನು ಯಾಕೆ ಬಂದೆ ಎಂದು ಕೇಳಿದ್ದಿಲ್ಲ. “ಸುಮ್ನೆ” ಅಂದೆ. ಮಜ್ಜಿಗೆ ಕುಡಿದೆ. ಕೈಯಲ್ಲಿ ಕೆಲಸವಿಲ್ಲದೆ ಇಬ್ಬರಿಗೂ ಎದುರುಬದುರು ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಅವನು ಬಿಸಿಲು ಚೆನ್ನಾಗಿದೆ ಎಂದ, ನಾನು ಹೌದು ಎಂದೆ. ಎದ್ದು ಬಂದುಬಿಟ್ಟೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು.

ಮಾರನೆಯ ಬೆಳಿಗ್ಗೆ ಏಣಿಯ ಮೇಲೆ ಚೊಂಬು ಹಿಡಿದು ಕೂತಿದ್ದೆ. ಅಜ್ಜಿ ತಡವರಿಸಿದಳು. ನಾನು ನೀರು ಹಾಕಲಿಲ್ಲ. ಒಂದೇ ಒಂದು ಸಲ, ಅಷ್ಟೇ, ಮತ್ತೆ ಒಂದು ದಿನ ಮೊದಲಿನ ಹಾಗೆ ಆಗಲಿ, ಸೇತುವೆಯ ಮೇಲೆ ಮಂಚ ಹೊತ್ತು ಹೋಗುವಾಗ ಅವನ ಬೆನ್ನು ನೋಡುತ್ತ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ ಎಂದುಕೊಂಡೆ. ಅಜ್ಜಿ ಹೊರಳಿದಳು. ಬಿಸಿಲು ಹೊಳೆ ದಾಟಿ ಪಡುಕೇರಿಯ ಮೇಲೆ ಬಿತ್ತು. ನಾನು ಮನೆಗೆ ಓಡಿದೆ.

“ಬಾಮ್ಮ, ಮಗ್ಗುಲು ಬದಲಿಸಿದಾಳೆ, ಮಂಚ ಎತ್ತು” ಎಂದೆ.

ಅಮ್ಮ ಮಾಳಿಗೆಯ ಅಂಚಿನಲ್ಲಿ ನಿಂತು ಹೊಳೆಯ ಕಡೆ ನೋಡುತ್ತಿದ್ದಳು. “ಬಿಡೇ, ಏನೋ ಕೆಟ್ಟಿರಬೇಕು. ನಿಮ್ಮಪ್ಪ ಹೋಗಿ ಸರಿ ಮಾಡ್ತಾರೆ. ನೀನ್ಯಾಕೆ ಅಲ್ಲಿಲ್ಲ?” ಎಂದಳು. ಎಡಕ್ಕೂ ಬಲಕ್ಕೂ ಎಲ್ಲ ಮಾಳಿಗೆಗಳ ಮೇಲೂ ಜನ ಹಾಗೇ ಸೊಂಟದ ಮೇಲೆ ಕೈಯಿಟ್ಟು, ಬಿಸಿಲು ವಾಪಸು ಬರಲಿ ಎಂದು ಕಾಯುತ್ತ ನಿಂತಿದ್ದರು. ಒಬ್ಬರೂ ಮಂಚಕ್ಕೆ ಕೈ ಹಾಕಲಿಲ್ಲ. ಮರೆಯುವುದಕ್ಕೆ ನಲವತ್ತೇ ದಿನ ಸಾಕಾಯಿತೇ. ಖಾಲಿ ಕೈಯಲ್ಲಿ, ಖಾಲಿ ಸೇತುವೆಯ ಮೇಲೆ ಒಬ್ಬಳೇ ಓಡಿದೆ.

ರಂಗನ ಮಾಳಿಗೆಯ ತುಂಬ ಕೆಂಪು. ಆ ಕೆಂಪು ಬಣ್ಣ ಮೊದಲು ಮಬ್ಬಿನಲ್ಲಿ ನೂಲಿಗೆ ಹಿಡಿಯಬೇಕು, ಹಸಿಯಲ್ಲಿ ಬಿಸಿಲು ಬಿದ್ದರೆ ಕಲೆ ಕಲೆಯಾಗಿ ಬಿಳಿಚಿಕೊಳ್ಳುತ್ತದೆ. ಬೆಳಗಿನ ಹೊತ್ತು ಇನ್ನು ತಮಗೆ ಮಬ್ಬೇ ಎಂದು ನಂಬಿ ಅವನು ಮದುವೆ ಮನೆಯ ಹನ್ನೊಂದು ಸೀರೆ ಹರವಿದ್ದ. ನನಗೆ ಅದು ಹೊಳೆದೇ ಇರಲಿಲ್ಲ. ಅವನು ಬೆವರು ಸುರಿಸುತ್ತ ಒಂದೊಂದೇ ಸೀರೆ ಬಾಚುತ್ತಿದ್ದ. ನನ್ನನ್ನು ನೋಡಿದವನೇ ಏನೂ ಕೇಳದೆ ಒಂದು ಸೀರೆಯ ಎರಡು ಮೂಲೆ ನನ್ನ ಕೈಗೆ ಹಾಕಿದ. ಮಡಚಿ ನೆರಳಿಗೆ ಒಯ್ಯಬೇಕಿತ್ತು. ಅವನು ಆ ತುದಿ, ನಾನು ಈ ತುದಿ. ಹತ್ತಿರ ಬಂದು ಮೂಲೆ ಕೂಡಿಸುವುದು, ಮತ್ತೆ ದೂರ ಹೋಗುವುದು, ಮತ್ತೆ ಹತ್ತಿರ ಬರುವುದು. ಹೀಗೆ ಮೂರು ಸೀರೆ ಮುಗಿದವು. ತಪ್ಪು ಮಾಡಿ ಬಂದವಳಿಗೆ ಇಷ್ಟು ಸುಖವಾಗಬಾರದು, ಆದರೆ ಆಯಿತು.

“ಯಾರೋ ಚೊಂಬು ಮರೆತಿದಾರೆ” ಎಂದ ಅವನು, ನಾಲ್ಕನೆಯ ಸೀರೆಗೆ. “ಸಿಕ್ಕಿದ್ರೆ ನಾಲ್ಕು ಮಾತು ಅಂದೇಬಿಡ್ತೀನಿ.”

“ಮರೆತಿದ್ದಲ್ಲ. ನಾನೇ ಹಾಕಲಿಲ್ಲ” ಎಂದೆ.

ಅವನ ಕೈ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಅಮ್ಮನ ಮಾತು, ಹಿತ್ತಲ ಚಕ್ರ, ನೆಂಟಸ್ತನ ಮುರಿದರೆ ಮದುವೆಯಾಗಬಹುದೆಂದು ಮಾಡಿದ ಎಣಿಕೆ, ಎರಡು ವರ್ಷದ ಗುಟ್ಟು. ಸೀರೆ ನಮ್ಮಿಬ್ಬರ ನಡುವೆ ಜೋತು ಬಿದ್ದಿತ್ತು. ಎರಡು ಸೀರೆ ಆಗಲೇ ಬಿಳಿಚಿಕೊಂಡಿದ್ದವು.

“ಇದಕ್ಕೋಸ್ಕರ ಮಾಡಿದ್ಯಾ” ಎಂದ ಅವನು. “ನಾನು ಬೇರೆ ಅಂದ್ಕೊಂಡಿದ್ದೆ. ಓಡಿ ಓಡಿ ನಿಂಗೆ ಸಾಕಾಗಿದೆ ಅಂತ. ನಮ್ಮ ಮನೆ ಮೆಟ್ಟಿಲು ಹತ್ತೋದು ಬೇಡ ಅನ್ನಿಸಿ, ಅದಕ್ಕೆ ಅಜ್ಜಿನ ಕಟ್ಟಿಹಾಕಿದೆ ಅಂತ. ಅವ್ವನೂ ಹಾಗೇ ಅಂದ್ಕೊಂಡ್ಲು. ಅದಕ್ಕೇ ನಾನು ಬರಲಿಲ್ಲ.”

“ಅಯ್ಯೋ ರಂಗ” ಎಂದೆ.

“ಹೋದ ವಾರ ಅವ್ವ ಹೆಣ್ಣು ಗೊತ್ತು ಮಾಡಿದ್ಲು. ನಮ್ಮ ಕೇರಿಯೋರೇ. ಎಲೆಯಡಿಕೆ ಬದಲಾಯಿಸಿ ಆಯ್ತು.” ಅವನು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಅಂಚನ್ನೇ ನೋಡುತ್ತಿದ್ದ. “ಈ ಸೀರೆ ಅವರ ಮನೆದೇ.”

ಕೆಳಗೆ ಅಪ್ಪ ಚಕ್ರದ ಕಡೆ ಓಡುತ್ತಿದ್ದುದು ಕಾಣಿಸಿತು. ಅಜ್ಜಿ ಮತ್ತೆ ತಡವರಿಸುವ ತನಕ ಅವರಾದರೂ ಕಾಯಬೇಕು, ನನಗೆ ಅದು ಗೊತ್ತಿತ್ತು.

“ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಕಾಮು” ಎಂದ ರಂಗ.

“ಕೇಳಿದ್ರೆ ಏನಂತಿದ್ದೆ?”

“ಮದುವೆ ಆಗದಿದ್ರೂ ಸರಿ, ದಿನಾ ಹೀಗೇ ಓಡ್ತಾ ಇರೋಣ ಅಂತಿದ್ದೆ. ನಂಗೆ ಅಷ್ಟೇ ಸಾಕಾಗಿತ್ತು.”

ಅಷ್ಟು ಹೇಳಿ ಅವನು ಹತ್ತಿರ ಬಂದು ತನ್ನ ಮೂಲೆಗಳನ್ನು ನನ್ನ ಕೈಗೆ ಕೂಡಿಸಿದ. ಇನ್ನೂ ಏಳು ಸೀರೆ ಉಳಿದಿದ್ದವು. ಬಿಸಿಲು ಸುಡುತ್ತಿತ್ತು, ಬೇಗ ಬೇಗ ಮಡಚಬೇಕಿತ್ತು. ನಾನು ಬೇಗ ಮಡಚಲಿಲ್ಲ. ಅವನೂ ಮಡಚಲಿಲ್ಲ.